ಎಡಕ್ಕೆ ಕೆಂಪು, ಬಲಕ್ಕೆ ಹಸಿರು: ವಿಮಾನದ ದೀಪಗಳ ಚರಿತ್ರೆ

ನಮ್ಮ ಸೇಲಂ, ಧರ್ಮಪುರಿ ಕಡೆಯ ಆಕಾಶದಲ್ಲಿ ಈಗ ರಾತ್ರಿ ಹೊತ್ತು ವಿಮಾನ ಹಾಯದ ಗಳಿಗೆ ಕಮ್ಮಿ. ಬೆಂಗಳೂರಿಂದ ಕೊಚ್ಚಿಗೆ, ಕೊಯಮತ್ತೂರಿಗೆ, ಮಧುರೆಗೆ ಹೋಗುವವು ನಮ್ಮ ತಲೆ ಮೇಲೇ ಹೋಗ್ತವೆ. ರಾತ್ರಿಯೆಲ್ಲ ಮಾದಪ್ಪನ ಕತೆ ಹಾಡೋ ನಮ್ಮಂಥವರಿಗೆ ಆಕಾಶ ನೋಡೋ ಅಭ್ಯಾಸ ಜಾಸ್ತಿ. ಮೊದಲು ಚುಕ್ಕಿ ನೋಡಿ ಹೊತ್ತು ಹೇಳ್ತಿದ್ವಿ, ಈಗ ಚುಕ್ಕಿ ಯಾವುದು ವಿಮಾನ ಯಾವುದು ಅಂತ ಆರಿಸಬೇಕು. ಕೂತು ಕೇಳೋರು ನಡುವೆ ಕೇಳ್ತಾರೆ: ಅದಕ್ಕೆ ಒಂದು ಕಡೆ ಕೆಂಪು, ಒಂದು ಕಡೆ ಹಸಿರು ಯಾಕೆ? ದಾರಿ ಕಾಣೋಕಾ?

ದಾರಿ ಕಾಣೋಕೆ ಅಲ್ಲ. ಮೂವತ್ತು ಸಾವಿರ ಅಡಿ ಮೇಲೆ ದೀಪ ಹಾಕಿ ನೋಡೋಕೆ ಅಲ್ಲೇನು ಹಳ್ಳ ಇದೆಯಾ, ದಿಣ್ಣೆ ಇದೆಯಾ? ಆ ದೀಪ ಇರೋದು ಬೇರೆಯವರಿಗೆ ತಾನು ಕಾಣಿಸಿಕೊಳ್ಳೋಕೆ. ನಮ್ಮ ಹಿರಿಯರು ಎತ್ತಿನ ಗಾಡಿ ಕಟ್ಟಿಕೊಂಡು ರಾತ್ರಿ ಸಂತೆಗೆ ಹೊರಟಾಗ ಅಚ್ಚಿನ ಕೆಳಗೆ ಲಾಟೀನು ತೂಗುಬಿಡ್ತಿದ್ರಲ್ಲ, ಅದರಿಂದ ಎತ್ತಿಗೆ ದಾರಿ ಕಾಣ್ತಿತ್ತಾ? ಎತ್ತಿಗೆ ದಾರಿ ಗೊತ್ತೇ ಇತ್ತು, ಗಾಡಿಯವನು ಮಲಗಿಬಿಡ್ತಿದ್ದ. ಲಾಟೀನು ಇದ್ದದ್ದು ಹಿಂದಿಂದ ಬರೋ ಲಾರಿಯವನಿಗೆ. ಸೈಕಲ್ಲಿಗೆ ಡೈನಮೋ ದೀಪ ಇಲ್ಲದೆ ಟೌನಿಗೆ ಹೋದರೆ ಪೊಲೀಸಿನವರು ಗಾಳಿ ಬಿಡಿಸಿ ನಡೆಸ್ತಿದ್ದ ಕಾಲ ನಮ್ಮ ವಯಸ್ಸಿನವರಿಗೆ ನೆನಪಿರಬೇಕು. ಅದೂ ಇದೇ ಕಾನೂನು.

ಕೆಂಪು ಹಸಿರು ವಿಮಾನಕ್ಕೆ ಬಂದದ್ದು ಹಡಗಿನಿಂದ. ಹಾಯಿ ಹಡಗಿನ ಕಾಲದಲ್ಲಿ ಗಾಳಿ ಬಂದ ಕಡೆ ನಿಧಾನವಾಗಿ ಹೋಗ್ತಿದ್ರು. ಉಗಿ ಹಡಗು ಬಂದ ಮೇಲೆ ವೇಗ ಹೆಚ್ಚಾಯಿತು, ಕತ್ತಲಲ್ಲಿ ಒಂದಕ್ಕೊಂದು ಗುದ್ದಿ ಮುಳುಗೋದೂ ಹೆಚ್ಚಾಯಿತು. 1848ರಲ್ಲಿ ಇಂಗ್ಲೆಂಡಿನವರು ಉಗಿ ಹಡಗುಗಳಿಗೆ ಕಾನೂನು ಮಾಡಿದರು: ಕಂಬದ ಮೇಲೆ ಬಿಳಿ ದೀಪ, ಎಡಮಗ್ಗುಲಿಗೆ ಕೆಂಪು, ಬಲಮಗ್ಗುಲಿಗೆ ಹಸಿರು. ಹತ್ತು ವರ್ಷಕ್ಕೆ ಹಾಯಿ ಹಡಗಿಗೂ ಅದೇ ಬಣ್ಣ ಬಂತು. 1863ರಲ್ಲಿ ಫ್ರಾನ್ಸಿನವರ ಜೊತೆ ಕೂತು ಇನ್ನೊಂದು ಸಲ ತಿದ್ದಿ ಬರೆದರು. ಮುಂದಿನ ವರ್ಷ ಮುಗಿಯೋ ಹೊತ್ತಿಗೆ ಮೂವತ್ತಕ್ಕೂ ಹೆಚ್ಚು ದೇಶ ಅದನ್ನ ಒಪ್ಪಿದವು. ಎಣ್ಣೆ ದೀಪಕ್ಕೆ ಬಣ್ಣದ ಗಾಜು ಹಾಕಿದ್ದು, ಅಷ್ಟೇ. ಆದರೆ ಅದರೊಳಗೆ ಒಂದು ಬುದ್ಧಿ ಇದೆ.

ಬರೀ ಬಿಳಿ ದೀಪ ಕಂಡರೆ ಅಲ್ಲೊಂದು ಹಡಗಿದೆ ಅಂತ ಗೊತ್ತಾಗ್ತದೆ. ಯಾವ ಕಡೆಗೆ ಹೋಗ್ತಿದೆ ಅಂತ ಗೊತ್ತಾಗಲ್ಲ. ಎಡಕ್ಕೊಂದು ಬಲಕ್ಕೊಂದು ಬಣ್ಣ ಇಟ್ಟರೆ ದೂರದವನು ಅದರ ಯಾವ ಮಗ್ಗುಲು ತನ್ನ ಕಡೆ ಇದೆ ಅಂತ ಓದಬಹುದು. ಬರೀ ಕೆಂಪು ಕಂಡರೆ ಅದರ ಎಡಮಗ್ಗುಲು. ಬರೀ ಹಸಿರು ಕಂಡರೆ ಬಲಮಗ್ಗುಲು. ಎರಡೂ ಒಟ್ಟಿಗೆ ಕಂಡರೆ ಎದುರಿಗೇ ಬರ್ತಿದೆ, ಎಚ್ಚರ!

ವಿಮಾನಕ್ಕೂ ಇದೇ ಲೆಕ್ಕ. ಮೂಗಿನ ನೇರದಿಂದ ಎಡಕ್ಕೆ 110 ಡಿಗ್ರಿ ಕೆಂಪು, ಬಲಕ್ಕೆ 110 ಡಿಗ್ರಿ ಹಸಿರು, ಉಳಿದ 140 ಡಿಗ್ರಿ ಹಿಂದಕ್ಕೆ ಬಿಳಿ. ಕೂಡಿಸಿದರೆ 360, ಗಾಡಿಚಕ್ರದ ಒಂದು ಸುತ್ತು. ಯಾವ ದಿಕ್ಕಿನಿಂದ ನೋಡಿದರೂ ಒಂದು ದೀಪ ಕಾಣಲೇಬೇಕು. ಹುಡುಗರಿಗೆ ಇದನ್ನ ಹೇಳೋದು ಸುಲಭ. ಎರಡು ಕೈ ಚಾಚಿ ನಿಲ್ಲಿಸಿ, ಎಡಗೈಗೆ ಕೆಂಪು ಬಟ್ಟೆ, ಬಲಗೈಗೆ ಹಸಿರು ಬಟ್ಟೆ ಕೊಡಿ. ಅವನು ನಿಮ್ಮ ಕಡೆ ಮುಖ ಮಾಡಿ ಬಂದರೆ ಕೆಂಪು ನಿಮ್ಮ ಬಲಕ್ಕೆ ಕಾಣ್ತದೆ. ಬೆನ್ನು ತಿರುಗಿಸಿ ಹೋದರೆ ಕೆಂಪು ನಿಮ್ಮ ಎಡಕ್ಕೆ. ಇಷ್ಟು ಕಲಿತ ಹುಡುಗ ಅಂಗಳದಲ್ಲಿ ಮಲಗಿಕೊಂಡೇ ಯಾವ ವಿಮಾನ ಬೆಂಗಳೂರಿಗೆ ಬರ್ತಿದೆ, ಯಾವುದು ಬಿಟ್ಟು ಹೋಗ್ತಿದೆ ಅಂತ ಹೇಳ್ತಾನೆ.

ಇನ್ನು ಯಾರು ಯಾರಿಗೆ ದಾರಿ ಬಿಡಬೇಕು ಅನ್ನೋದು. ಬಲಗಡೆಯಿಂದ ಅಡ್ಡ ಬರೋನಿಗೆ ನಾವು ದಾರಿ ಬಿಡಬೇಕು, ಹಡಗಿಗೂ ವಿಮಾನಕ್ಕೂ ಇದೇ ನಿಯಮ. ಬಲದಿಂದ ಅಡ್ಡ ಬರೋನ ಎಡಮಗ್ಗುಲು ತಾನೇ ನಮಗೆ ಕಾಣೋದು? ಅಂದರೆ ಕೆಂಪು. ಕೆಂಪು ಕಂಡರೆ ನೀನು ತಗ್ಗು. ಎಡದಿಂದ ಬರೋನ ಹಸಿರು ಕಾಣ್ತದೆ, ಹಸಿರು ಕಂಡರೆ ನೀನು ಹೋಗು, ಅವನು ತಗ್ತಾನೆ. ಬಣ್ಣವೇ ಮಾತಾಡ್ತದೆ, ಭಾಷೆ ಬೇಕಿಲ್ಲ. ತಮಿಳು ಕನ್ನಡ ತೆಲುಗು ಮೂರೂ ಕಲಸಿ ಆಡೋ ನಮಗೆ ಇದರ ಬೆಲೆ ಬೇಗ ಗೊತ್ತಾಗ್ತದೆ. ಎದುರುಬದುರು ಬಂದರೆ ಇಬ್ಬರೂ ಬಲಕ್ಕೆ ತಿರುಗಬೇಕು. ನಮ್ಮ ರಸ್ತೆಯಲ್ಲಿ ಎಡಕ್ಕೆ ಹೋಗೋ ರೂಢಿ, ಮೇಲೆ ಬಲಕ್ಕೆ. ಹಿಂದಿಕ್ಕಿ ಹೋಗೋನೂ ಮುಂದಿನವನ ಬಲಗಡೆಯಿಂದಲೇ ದಾಟಬೇಕು.

ನಮ್ಮ ದೇಶಕ್ಕೆ ವಿಮಾನವೂ ಕಾನೂನೂ ಹೆಚ್ಚುಕಮ್ಮಿ ಒಟ್ಟಿಗೇ ಬಂದವು. 1911ರ ಫೆಬ್ರವರಿ 18ರಂದು ಹೆನ್ರಿ ಪೆಕೆ ಅನ್ನೋ ಫ್ರಾನ್ಸಿನವನು ಅಲಹಾಬಾದಿನಿಂದ ಯಮುನೆ ದಾಟಿ ನೈನಿಗೆ ಸುಮಾರು 6,500 ಕಾಗದ ಹೊತ್ತು ಹಾರಿದ. ಹತ್ತು ಕಿಲೋಮೀಟರ್ ದೂರ. ಜಗತ್ತಿನ ಮೊದಲ ಸರ್ಕಾರಿ ವಿಮಾನ ಟಪಾಲು ಅದೇ ಅಂತಾರೆ. ಅದೇ ವರ್ಷ ಬ್ರಿಟಿಷ್ ಸರ್ಕಾರ ಇಂಡಿಯಾಕ್ಕೆ ಆಕಾಶನೌಕೆಗಳ ಕಾಯ್ದೆ ಅಂತ ಒಂದು ಮಾಡಿಬಿಟ್ಟಿತು. ಹಾರೋರು ಬೆರಳೆಣಿಕೆ, ಕಾಯ್ದೆ ಮಾತ್ರ ರೆಡಿ. ನಮ್ಮ ಸರ್ಕಾರಗಳು ಬೇರೆ ವಿಷಯಕ್ಕೆ ಇಷ್ಟು ಅವಸರ ಮಾಡಿದ್ದು ನಾನು ಕಂಡಿಲ್ಲ.

ಮೊದಲನೇ ಮಹಾಯುದ್ಧದಲ್ಲಿ ರಾತ್ರಿ ಹಾರೋದು ಕಲಿತರು. ಯುದ್ಧದಲ್ಲಿ ದೀಪದ ಕಾನೂನು ತಲೆಕೆಳಗಾಗ್ತದೆ, ಕಾಣಿಸಿಕೊಂಡೋನು ಸಾಯ್ತಾನೆ. 1914ರ ಸೆಪ್ಟೆಂಬರ್ 22ರ ರಾತ್ರಿ ಎಂಡನ್ ಹಡಗು ಮದ್ರಾಸಿಗೆ ಬಂದು ಬಂದರಿನ ಎಣ್ಣೆ ಟ್ಯಾಂಕಿಗೆ ಗುಂಡು ಹಾಕಿದಾಗ ಬಂದರಿನಲ್ಲಿ ದೀಪ ಉರೀತಾ ಇತ್ತು, ಗುರಿ ಇಡೋಕೆ ಅನುಕೂಲವೇ ಆಯಿತು. ನಮ್ಮ ಕಡೆ ತಮಿಳಿನವರು ಕಿಲಾಡಿ ಮನುಷ್ಯನಿಗೆ ಎಂಡನ್ ಅನ್ನೋದು ಆ ಹಡಗಿನಿಂದಲೇ.

ಯುದ್ಧ ಮುಗಿದು 1919ರ ಅಕ್ಟೋಬರ್ 13ಕ್ಕೆ ಪ್ಯಾರಿಸ್ಸಿನಲ್ಲಿ ದೇಶದೇಶದವರು ಕೂತು ವಿಮಾನಕ್ಕೆ ಒಂದು ಒಪ್ಪಂದ ಬರೆದರು. ಬ್ರಿಟಿಷರ ಕೈಕೆಳಗೇ ಇದ್ದರೂ ಇಂಡಿಯಾದ ಹೆಸರಲ್ಲಿ ಬೇರೆ ಸಹಿ ಬಿತ್ತು. ಆ ಒಪ್ಪಂದದಲ್ಲಿ ದೀಪಕ್ಕೇ ಒಂದು ಅಧ್ಯಾಯ ಇತ್ತು. ಹಡಗಿನ ಕೆಂಪು ಹಸಿರು ಅಲ್ಲಿಂದ ರೆಕ್ಕೆಗೆ ಏರಿತು. ಎಡ ಬಲ ಬದಲಾಯಿಸದೆ ಹಾಗೇ ಇಟ್ಟರು, ಒಳ್ಳೇದೇ ಮಾಡಿದರು. ನಮ್ಮಲ್ಲಿ 1934ರಲ್ಲಿ ವಿಮಾನ ಕಾಯ್ದೆ, 1937ರಲ್ಲಿ ಅದರ ನಿಯಮಗಳು ಬಂದವು. 1944ರ ಡಿಸೆಂಬರಿನಲ್ಲಿ ಅಮೆರಿಕದ ಷಿಕಾಗೋದಲ್ಲಿ ಇನ್ನೊಂದು ಒಪ್ಪಂದ ಆಗಿ, ಈಗ ಜಗತ್ತೆಲ್ಲ ನಡೀತಿರೋದು ಅದರ ಪ್ರಕಾರ. 1934ರ ಕಾಯ್ದೆ ತೊಂಬತ್ತು ವರ್ಷ ಬಾಳಿತು. ಅದರ ಜಾಗಕ್ಕೆ ಭಾರತೀಯ ವಾಯುಯಾನ ಅಧಿನಿಯಮ ಅಂತ ಹೊಸದು 2025ರ ಜನವರಿ 1ರಿಂದ ಬಂದಿದೆ.

ಕಾನೂನು ಬಂದ ಮಾತ್ರಕ್ಕೆ ರಾತ್ರಿ ಹಾರಾಟ ಬರಲಿಲ್ಲ. 1932ರ ಅಕ್ಟೋಬರಿನಲ್ಲಿ ಟಾಟಾದವರ ಟಪಾಲು ವಿಮಾನ ಕರಾಚಿಯಿಂದ ಹೊರಟಿತು. ಬೊಂಬಾಯಿವರೆಗೆ ಜೆ.ಆರ್.ಡಿ. ಟಾಟಾ ಅವರೇ ನಡೆಸಿದರು. ಅಲ್ಲಿಂದ ನಮ್ಮ ಬಳ್ಳಾರಿ ಮೇಲೆ ಮದ್ರಾಸಿಗೆ ನೆವಿಲ್ ವಿನ್ಸೆಂಟ್ ಅನ್ನೋರು ತಂದರು. ಒಂದೇ ಎಂಜಿನ್ನಿನ ಸಣ್ಣ ವಿಮಾನ, ಹಗಲು ಮಾತ್ರ ಹಾರಾಟ. ಎತ್ತಿನ ಗಾಡಿ ರಾತ್ರಿ ನಡೀತಿತ್ತು, ವಿಮಾನ ರಾತ್ರಿ ನಿಲ್ತಿತ್ತು!

ಅಮೆರಿಕದಲ್ಲಿ ಇದಕ್ಕೆ ಹತ್ತು ವರ್ಷ ಮುಂಚೆ ನಡೆದ ಒಂದು ಸಂಗತಿ ರೈತನಾದ ನನಗೆ ಬಹಳ ಹಿಡಿಸಿತು. 1921ರ ಫೆಬ್ರವರಿಯಲ್ಲಿ ಟಪಾಲು ವಿಮಾನ ರಾತ್ರಿ ಹಾರಲಿಕ್ಕೆ ಆಗ್ತದಾ ಅಂತ ಪರೀಕ್ಷೆ ಮಾಡಿದರು. ಜ್ಯಾಕ್ ನೈಟ್ ಅನ್ನೋ ಪೈಲಟ್ ಚಳಿಗಾಲದ ಕತ್ತಲಲ್ಲಿ ಷಿಕಾಗೋವರೆಗೆ ಹಾರಿದ. ದಾರಿ ತೋರಿಸಿದ್ದು ಏನು ಅಂದರೆ, ಕೆಳಗೆ ರೈತರು, ಪೋಸ್ಟ್ ಆಫೀಸಿನವರು ಅಲ್ಲಲ್ಲಿ ಹಾಕಿದ ಬೆಂಕಿ. ಹೊಲದ ಮೂಲೆಯಲ್ಲಿ ಉರಿ ಹಾಕಿ ರಾತ್ರಿಯೆಲ್ಲ ಕಾದರಂತೆ. ಮಾದಪ್ಪನ ಬೆಟ್ಟದಲ್ಲಿ ದೀಪದಗಿರಿ ಒಡ್ಡು ಅಂತ ಇದೆ, ಬೆಟ್ಟಕ್ಕೆ ನಡೆದು ಹೋಗೋ ನಮ್ಮವರಿಗೆ ಆ ಹೆಸರು ಗೊತ್ತು. ಎತ್ತರದಲ್ಲಿ ದೀಪ ಇಡೋದು ಹೊಸ ಬುದ್ಧಿ ಏನಲ್ಲ.

ನಮ್ಮಲ್ಲಿ ಸ್ವಾತಂತ್ರ್ಯ ಬಂದ ಮೇಲೆ, 1949ರ ಜನವರಿ 30ರಿಂದ ರಾತ್ರಿ ವಿಮಾನ ಟಪಾಲು ಶುರುವಾಯಿತು. ಮದ್ರಾಸು, ಬೊಂಬಾಯಿ, ಕಲ್ಕತ್ತಾ, ದಿಲ್ಲಿ, ನಾಲ್ಕು ಕಡೆಯಿಂದ ಡಕೋಟಾ ವಿಮಾನ ಹೊರಟು ನಡುರಾತ್ರಿ ನಾಗಪುರದಲ್ಲಿ ಸೇರಬೇಕು. ಅಲ್ಲಿ ಚೀಲ ಅದಲುಬದಲು ಮಾಡಿಕೊಂಡು ಬೆಳಗಾಗೋದರೊಳಗೆ ತಂತಮ್ಮ ಊರಿಗೆ ವಾಪಸು. ಸೇಲಂ ಕಡೆಯ ಟಪಾಲು ರೈಲಲ್ಲಿ ಮದ್ರಾಸು ಸೇರಿಬಿಟ್ಟರೆ ಮುಂದಿನ ದಾರಿ ಒಂದೇ ರಾತ್ರಿ. ನಾಲ್ಕು ದಿಕ್ಕಿನಿಂದ ನಾಲ್ಕು ವಿಮಾನ ಕತ್ತಲಲ್ಲಿ ಒಂದೇ ಊರಿಗೆ ಇಳಿಯೋದು ಅಂದರೆ, ರೆಕ್ಕೆಯ ಕೆಂಪು ಹಸಿರು ಆಗ ಎಷ್ಟು ಬೇಕಾಗಿತ್ತು ಅಂತ ಯೋಚನೆ ಮಾಡಿ.

ಆದರೆ ವಿಮಾನದ ವೇಗ ಹೆಚ್ಚಿದ ಮೇಲೆ ಉರಿಯೋ ದೀಪ ಸಾಲದೇ ಬಂತು. ಇದರ ಕಾರಣ ಸ್ವಲ್ಪ ನಿಧಾನವಾಗಿ ಹೇಳ್ತೀನಿ, ಯಾಕೆಂದರೆ ರಸ್ತೆಯಲ್ಲಿ ಬೈಕು ಓಡಿಸೋ ಹುಡುಗರಿಗೂ ಇದು ಬೇಕು. ಎರಡು ವಿಮಾನ ಒಂದೇ ಜಾಗಕ್ಕೆ ಒಂದೇ ಹೊತ್ತಿಗೆ ಬಂದು ಗುದ್ದೋ ಹಾಗೆ ಹೊರಟಿವೆ ಅಂತ ಇಟ್ಟುಕೊಳ್ಳಿ. ಆಗ ಒಬ್ಬನ ಕಿಟಕಿಯಲ್ಲಿ ಇನ್ನೊಬ್ಬನ ದೀಪ ಅತ್ತಿತ್ತ ಸರಿಯೋದೇ ಇಲ್ಲ. ಗಾಜಿನ ಮೇಲೆ ಅಂಟಿಸಿದ ಬೊಟ್ಟಿನ ಹಾಗೆ ಇದ್ದಲ್ಲೇ ಇರ್ತದೆ, ಬರಬರುತ್ತಾ ದಪ್ಪ ಆಗ್ತದೆ ಅಷ್ಟೇ. ಸರಿದು ಹೋಗೋ ದೀಪದಿಂದ ಭಯ ಇಲ್ಲ, ಅದು ಮುಂದಕ್ಕೋ ಹಿಂದಕ್ಕೋ ದಾಟಿಹೋಗ್ತದೆ. ಕದಲದ ದೀಪವೇ ಸಾವು. ಮನುಷ್ಯನ ಕಣ್ಣಿನ ಗುಣ ನೋಡಿದರೆ ಇದಕ್ಕೆ ತದ್ವಿರುದ್ಧ. ಅಲ್ಲಾಡಿದ್ದು ಬೇಗ ಕಾಣ್ತದೆ, ನಿಂತದ್ದು ಕಾಣಲ್ಲ. ಹೊಲದಲ್ಲಿ ಮೊಲ ಕೂತಿದ್ದರೆ ಪಕ್ಕದಲ್ಲೇ ನಡೆದು ಹೋಗ್ತೀವಿ, ನೆಗೆದರೆ ಗೊತ್ತಾಗ್ತದೆ. ಇನ್ನು ಚುಕ್ಕಿಗಳ ನಡುವೆ ಒಂದು ನಿಂತ ದೀಪ ಚುಕ್ಕಿಯ ಹಾಗೇ ಕಾಣ್ತದೆ.

ಅದಕ್ಕೇ ಕದಲದ ದೀಪವನ್ನ ಮಿಟುಕಿಸಿದರು. ಎರಡನೇ ಮಹಾಯುದ್ಧ ಆದ ಮೇಲೆ, 1950ರ ದಶಕದಲ್ಲಿ, ವಿಮಾನದ ಬೆನ್ನಿಗೂ ಹೊಟ್ಟೆಗೂ ಮಿಟುಕೋ ಕೆಂಪು ದೀಪ ಬಂತು, ಅದಕ್ಕೆ ಬೀಕನ್ ಅಂತಾರೆ. ಆಮೇಲೆ ರೆಕ್ಕೆ ತುದಿಯಲ್ಲಿ ಮಿಂಚಿನ ಹಾಗೆ ಹೊಡೆಯೋ ಬಿಳಿ ದೀಪ ಬಂತು, ಅದು ಸ್ಟ್ರೋಬ್. ಎರಡಕ್ಕೂ ಡಿಕ್ಕಿ ತಡೆಯೋ ದೀಪ ಅಂತಲೇ ಹೆಸರು. ನಿಮಿಷಕ್ಕೆ 40ಕ್ಕಿಂತ ಕಮ್ಮಿ ಮಿಟುಕಬಾರದು, 100ಕ್ಕಿಂತ ಹೆಚ್ಚೂ ಬೇಡ. ತಾಳ ಹಾಕೋರು ಒಂದು ಸಲ ಕೈಬೆರಳಿನಲ್ಲಿ ಎಣಿಸಿ ನೋಡಿ. ನಮ್ಮ ತಮಟೆಯ ನಿಧಾನ ನಡೆಗೂ ನಡು ನಡೆಗೂ ಸರಿಯಾಗಿ ಕೂತುಕೊಳ್ತದೆ.

ಈಗಿನ ನಿಯಮ ಇಷ್ಟು. ಸೂರ್ಯ ಮುಳುಗಿದ ಮೇಲೆ ಹುಟ್ಟೋವರೆಗೆ ಹಾರೋ ವಿಮಾನ ಎಡ ಬಲ ಹಿಂದಿನ ಮೂರು ದೀಪ, ಜೊತೆಗೆ ಡಿಕ್ಕಿ ತಡೆಯೋ ದೀಪ ಹಾಕಲೇಬೇಕು. ಡಿಕ್ಕಿ ತಡೆಯೋ ದೀಪ ಇರೋ ವಿಮಾನ ಅದನ್ನ ಹಗಲಲ್ಲೂ ಹಾಕಬೇಕು. ಎಂಜಿನ್ ಓಡ್ತಾ ಇದ್ದರೆ ನೆಲದ ಮೇಲೆ ನಿಂತಿದ್ದರೂ ಅದಕ್ಕೆ ಗುರುತಿನ ದೀಪ ಬೇಕು. ಸಾಮಾನು ಏರಿಸೋರಿಗೆ, ಎಣ್ಣೆ ತುಂಬೋರಿಗೆ ಅದು ಎಚ್ಚರಿಕೆ: ಹತ್ತಿರ ಬರಬೇಡಿ ಅಂತ. ಆ ಕೆಂಪು ಬೀಕನ್ ಮಿಟುಕೋವಾಗ ಕೆಲಸದವರು ಎಂಜಿನ್ ಕಡೆ ಹೆಜ್ಜೆ ಇಡಲ್ಲ. ಬಿಳಿ ಮಿಂಚುದೀಪವನ್ನ ಮಾತ್ರ ಜನರ ನಡುವೆ ಹಾಕಲ್ಲ, ಕಣ್ಣು ಕುಕ್ತದೆ. ಮೋಡದೊಳಗೆ ಹೋದರೆ ಅದರ ಬೆಳಕು ವಾಪಸು ಬಂದು ಪೈಲಟ್ಟಿನ ಕಣ್ಣಿಗೇ ಹೊಡೀತದೆ, ಆಗ ಆರಿಸಲಿಕ್ಕೆ ಅವನಿಗೆ ಅಪ್ಪಣೆ ಇದೆ. ಇಳಿಯೋವಾಗ ಹಾಕೋ ದೊಡ್ಡ ಬಿಳಿ ದೀಪವನ್ನ ಹತ್ತು ಸಾವಿರ ಅಡಿಗಿಂತ ಕೆಳಗೆ ಇರೋವಾಗೆಲ್ಲ ಹಾಕೋದು ರೂಢಿ. ಹಕ್ಕಿಗೂ ಬೇರೆ ವಿಮಾನಕ್ಕೂ ಕಾಣಲಿ ಅಂತ.

ಇವೆಲ್ಲ ಯಾರೋ ಕುರ್ಚಿಯಲ್ಲಿ ಕೂತು ಬರೆದದ್ದು ಅಂದುಕೊಳ್ಳಬೇಡಿ. 1991ರ ಫೆಬ್ರವರಿ 1ರ ಸಂಜೆ ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಒಂದು ಸಣ್ಣ ವಿಮಾನವನ್ನ ರನ್‌ವೇ ಮೇಲೆ ನಿಲ್ಲಿಸಿ, ಹಾರೋಕೆ ಅಪ್ಪಣೆ ಬರಲಿ ಅಂತ ಕಾಯಿಸಿದರು. ಗೋಪುರದಲ್ಲಿದ್ದವರು ಅದನ್ನ ಮರೆತು ಇನ್ನೊಂದು ದೊಡ್ಡ ವಿಮಾನಕ್ಕೆ ಅದೇ ರನ್‌ವೇಗೆ ಇಳಿಯೋಕೆ ಅಪ್ಪಣೆ ಕೊಟ್ಟರು. ಇಳಿಯೋ ಪೈಲಟ್ಟಿಗೆ ಸಣ್ಣ ವಿಮಾನ ಕಾಣಲಿಲ್ಲ. ಅದರ ಹಿಂದಿನ ದೀಪ ರನ್‌ವೇ ದೀಪಗಳ ಸಾಲಿನಲ್ಲಿ ಬೆರೆತುಹೋಗಿತ್ತು. ಬಿಳಿ ಮಿಂಚುದೀಪ ಹಾಕಿರಲಿಲ್ಲ, ಹಾರೋ ಅಪ್ಪಣೆ ಬಂದ ಮೇಲೆ ಹಾಕೋದು ಆಗಿನ ಪದ್ಧತಿ. ಬೆನ್ನ ಮೇಲೇ ಇಳಿದುಬಿಟ್ಟಿತು. ಮೂವತ್ತಕ್ಕೂ ಹೆಚ್ಚು ಜನ ಸತ್ತರು. ರನ್‌ವೇ ಮೇಲೆ ಹೆಜ್ಜೆ ಇಟ್ಟ ಕೂಡಲೇ ಮಿಂಚುದೀಪ ಹಾಕೋ ಪದ್ಧತಿ ಗಟ್ಟಿಯಾದದ್ದು ಅದಾದ ಮೇಲೆ. ಇಷ್ಟಾದರೂ 2024ರ ಜನವರಿ 2ರಂದು ಜಪಾನಿನ ಹನೇಡಾದಲ್ಲಿ ರನ್‌ವೇ ಮೇಲೆ ನಿಂತಿದ್ದ ಕರಾವಳಿ ಕಾವಲಿನ ವಿಮಾನಕ್ಕೆ ಇಳಿಯೋ ವಿಮಾನ ಗುದ್ದಿ ಐದು ಜನ ಹೋದರು. ದೊಡ್ಡ ವಿಮಾನದಲ್ಲಿದ್ದ 379 ಜನ ಬೆಂಕಿಯೊಳಗಿಂದ ಹೊರಗೆ ಬಂದು ಬದುಕಿದ್ದು ಟಿವಿಯಲ್ಲಿ ನೋಡಿರ್ತೀರಿ.

ದೀಪಕ್ಕೂ ಒಂದು ಮಿತಿ ಇದೆ. ನಮ್ಮ ದೇಶದಲ್ಲೇ, 1996ರ ನವೆಂಬರ್ 12ರ ಸಂಜೆ, ಹರಿಯಾಣದ ಚರ್ಖಿ ದಾದ್ರಿ ಅನ್ನೋ ಊರಿನ ಮೇಲೆ ದಿಲ್ಲಿಯಿಂದ ಏರ್ತಿದ್ದ ಸೌದಿ ವಿಮಾನಕ್ಕೂ ದಿಲ್ಲಿಗೆ ಇಳೀತಿದ್ದ ಕಜಕಿಸ್ತಾನದ ವಿಮಾನಕ್ಕೂ ಡಿಕ್ಕಿ ಆಯಿತು. ಒಂದು 14,000 ಅಡಿಯಲ್ಲಿ, ಇನ್ನೊಂದು 15,000 ಅಡಿಯಲ್ಲಿ ಇರಬೇಕಿತ್ತು, ಮೇಲಿನದು ಕೆಳಗೆ ಇಳಿದುಬಿಟ್ಟಿತು. 349 ಜನ, ಒಬ್ಬರೂ ಉಳೀಲಿಲ್ಲ. ಗೋಧಿ, ಸಾಸಿವೆ ಬೆಳೆಯೋ ಸೀಮೆ ಅದು, ಹೆಣ ಬಿದ್ದದ್ದು ರೈತರ ಹೊಲದಲ್ಲಿ. ಮೋಡದೊಳಗೆ ಎಂಥ ಕೆಂಪು, ಎಂಥ ಹಸಿರು? ಅದಾದ ಮೇಲೆ ನಮ್ಮ ಸರ್ಕಾರ, ಎದುರಿನ ವಿಮಾನ ಎಲ್ಲಿದೆ ಅಂತ ತಾನೇ ಪತ್ತೆ ಮಾಡಿ ಏರು, ಇಳಿ ಅಂತ ಪೈಲಟ್ಟಿಗೆ ಕೂಗಿ ಹೇಳೋ ಯಂತ್ರ ಕಡ್ಡಾಯ ಮಾಡಿತು. ದಿಲ್ಲಿಗೆ ಬರೋ ದಾರಿ, ಹೋಗೋ ದಾರಿ ಬೇರೆ ಮಾಡಿದರು. ಯಂತ್ರ ಬಂತು ಅಂತ ದೀಪ ತೆಗೆದರಾ? ಇಲ್ಲ. ಯಂತ್ರ ಕೆಟ್ಟರೆ ಕಣ್ಣು ಬೇಕು.

ನಮ್ಮ ಸೀಮೆಗೆ ಬರೋಣ. ಹೊಸೂರಿನ ಹತ್ತಿರ ಬೆಳಗೊಂಡಪಳ್ಳಿಯಲ್ಲಿ 1990ರ ದಶಕದಲ್ಲಿ ತನೇಜಾ ಏರೋಸ್ಪೇಸ್ ಕಂಪೆನಿಯವರು ಆರು ಸೀಟಿನ, ಎರಡು ಎಂಜಿನ್ನಿನ ಸಣ್ಣ ವಿಮಾನ ಕಟ್ಟಿದರು. ಅವರದೇ ರನ್‌ವೇ ಇದೆ. ಆಗ ಹೊಸೂರು ನಮ್ಮ ಧರ್ಮಪುರಿ ಜಿಲ್ಲೆಗೆ ಸೇರಿತ್ತು, ಕೃಷ್ಣಗಿರಿ ಜಿಲ್ಲೆ ಆದದ್ದು 2004ರಲ್ಲಿ. ಹಾಗಾಗಿ ರೆಕ್ಕೆಗೆ ಕೆಂಪು ಹಸಿರು ದೀಪ ಕೂರಿಸೋ ಕೆಲಸ ನಮ್ಮ ಜಿಲ್ಲೆಯಲ್ಲೇ ನಡೆದಿದೆ ಅಂತ ಹೇಳಿಕೊಳ್ಳಬಹುದು.

ಸೇಲಂ ವಿಮಾನ ನಿಲ್ದಾಣ ಇರೋದು ಓಮಲೂರು ಹತ್ತಿರ ಕಾಮಲಾಪುರದಲ್ಲಿ, ಆದದ್ದು 1993ರಲ್ಲಿ. ವಿಮಾನ ಬರೋದು, ನಿಂತುಹೋಗೋದು, ಮಳೆಗಾಲದ ಹಳ್ಳದ ಹಾಗೆ. 2018ರ ಮಾರ್ಚಿನಲ್ಲಿ ಉಡಾನ್ ಯೋಜನೆಯಲ್ಲಿ ಚೆನ್ನೈಗೆ ಶುರುವಾಗಿ ಆಮೇಲೆ ನಿಂತಿತು. 2023ರ ಅಕ್ಟೋಬರಿನಲ್ಲಿ ಮತ್ತೆ ಬಂತು. ನಿಲ್ದಾಣ ದೊಡ್ಡದು ಮಾಡಲಿಕ್ಕೆ ಸುಮಾರು 570 ಎಕರೆ ಬೇಕು ಅಂತ 2018ರಲ್ಲಿ ಅಳತೆಗೆ ಬಂದಾಗ ಸುತ್ತಿನ ರೈತರು ಎದ್ದು ನಿಂತರು. ಎಣ್ಣೆ ದೀಪದ ಕಾಲದಿಂದ ಉತ್ತು ಬಿತ್ತಿದ ನೆಲ. ವಿಮಾನ ಬೇಡ ಅಂತ ನಾನು ಹೇಳಲ್ಲ, ಆದರೆ ಬಲಗಡೆಯಿಂದ ಬರೋನಿಗೆ ದಾರಿ ಬಿಡೋ ನ್ಯಾಯ ಮೇಲೆ ಇದೆಯಲ್ಲ, ಕೆಳಗೂ ಒಂದು ಇರಬೇಕು.

ಕಡೆಯದಾಗಿ, ನಾವು ಕೆಳಗೆ ಹಚ್ಚೋ ದೀಪದ ವಿಷಯ. 1937ರ ನಿಯಮದಲ್ಲೇ ಇದಕ್ಕೂ ಜಾಗ ಇತ್ತು: ನಿಲ್ದಾಣದ ಆಸುಪಾಸಿನಲ್ಲಿ, ವಿಮಾನದವರು ತಪ್ಪಾಗಿ ತಿಳಿಯೋ ಹಾಗೆ ಯಾರಾದರೂ ದೀಪ ಹಾಕಿದರೆ, ಅದನ್ನ ಆರಿಸಿ ಅಥವಾ ಮರೆ ಮಾಡಿ ಅಂತ ನೋಟೀಸು ಕೊಡಬಹುದು. ಆಗ ಅವರ ಮನಸ್ಸಲ್ಲಿ ಇದ್ದದ್ದು ಗ್ಯಾಸ್ ಲೈಟೋ ಕಾರ್ಖಾನೆ ದೀಪವೋ ಇರಬೇಕು. ಈಗ ಜಾತ್ರೆಗೆ, ಮದುವೆಗೆ ಆಕಾಶಕ್ಕೆ ಬಿಡೋ ಸ್ಕೈಲೈಟು, ಹಸಿರು ಲೇಸರು ಬಂದಿವೆ. ಕೆಳಗೆ ನಮಗೆ ದಾರದ ಹಾಗೆ ಸಣ್ಣಗೆ ಕಾಣೋ ಲೇಸರು ಮೇಲೆ ಹೋಗ್ತಾ ಹೋಗ್ತಾ ಅಗಲ ಆಗ್ತದೆ, ವಿಮಾನದ ಗಾಜಿಗೆ ಬಿದ್ದರೆ ಗಾಜೆಲ್ಲ ಹಸಿರು ಬೆಳಕಾಗಿ ಪೈಲಟ್ಟಿಗೆ ಏನೂ ಕಾಣಲ್ಲ. ಅದೂ ಇಳಿಯೋ ಹೊತ್ತಿನಲ್ಲಿ. ಚೆನ್ನೈನಲ್ಲಿ ಪೈಲಟ್ಟುಗಳು ಹೀಗೆ ದೂರು ಕೊಟ್ಟದ್ದು ಪತ್ರಿಕೆಯಲ್ಲಿ ಬಂದಿತ್ತು. ಕಾಮಲಾಪುರ ನಮಗೆ ದೂರ ಏನಲ್ಲ. ಹಬ್ಬಕ್ಕೆ ಸೇಲಂನಿಂದ ಈ ಲೈಟು ಬಾಡಿಗೆಗೆ ತರೋ ಹುಡುಗರು, ನಮ್ಮೂರ ಆಕಾಶ, ಯಾರು ಕೇಳ್ತಾರೆ ಅಂತಾರೆ. ಅವರಿಗೆ ತೋರಿಸೋಕೆ ಒಂದು ಕಡೆ ಬರೆದಿರಲಿ ಅಂತ ಇದನ್ನೂ ಸೇರಿಸಿದೆ.